ಬನ್ನಿ ಕೊಟ್ಟಾಯ್ತು, ಮೇರಾ ಬರುತ್ತಿದೆ

ಕೇಳುಗರಿಗೆ ನಮಸ್ಕಾರ.

ದಸರೆ ಮುಗಿಯಿತು. ಬನ್ನಿ ಕೊಟ್ಟು ತಗೊಂಡಿದ್ದೂ ಆಯ್ತು. ಇನ್ನು ದೀಪಾವಳಿ. ಈ ನಡುವಿನ ಬಿಡುವಿನಲ್ಲಿ ನಿಮ್ಮ ಜೊತೆ ಎರಡು ವಿಷಯ ಮಾತಾಡಬೇಕು ಅನ್ನಿಸಿತು. ಒಂದು, ಹಬ್ಬದ ದಿನ ನಾವು ಒಬ್ಬರಿಗೊಬ್ಬರು ಹೇಳುವ ಮಾತು. ಇನ್ನೊಂದು, ಮನೆಯ ಭಾಷೆ ಮಕ್ಕಳಿಗೆ ದಾಟುವುದು. ಎರಡಕ್ಕೂ ಹತ್ತಿರದ ನಂಟಿದೆ.

ನಾನು ಸಿಂಧನೂರು, ಮಾನ್ವಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವಳು. ಅಲ್ಲಿ ಒಂದೇ ಸಾಲಿನಲ್ಲಿ ಮೂರು ನಾಲ್ಕು ಭಾಷೆಯ ಮಕ್ಕಳು ಕೂರುತ್ತಿದ್ದರು. ಊರೊಳಗಿನ ಕನ್ನಡದ ಮಕ್ಕಳು, ಕ್ಯಾಂಪಿನ ತೆಲುಗು ಮಕ್ಕಳು, ತಾಂಡಾದ ಲಂಬಾಣಿ ಮಕ್ಕಳು, ಉರ್ದು ಮಾತಾಡುವ ಮನೆಯ ಮಕ್ಕಳು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ, ಅಂದರೆ ಪುನರ್ವಸತಿ ಕ್ಯಾಂಪುಗಳಿಗೆ ಹೋದರೆ ಬಂಗಾಳಿಯೂ ಕೇಳಿಸುತ್ತದೆ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ತೆಲುಗು ಕ್ಯಾಂಪುಗಳ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಹೊಲ ಹಿಡಿದರು. ಭತ್ತ ಬೆಳೆದರು, ಇಲ್ಲೇ ಉಳಿದರು.

ವಿಜಯದಶಮಿ ಒಂದೇ ದಿನವನ್ನು ನೋಡಿ. ನಮ್ಮ ಕಡೆ ಸಂಜೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತೇವೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರೆ. ರಾಯಚೂರಿನ ಆಚೆ, ತೆಲಂಗಾಣದ ಕಡೆಯವರು ಅದೇ ಎಲೆಯನ್ನು ಜಮ್ಮಿ ಅಂತ ಕೊಡುತ್ತಾರೆ. ಅವರಿಗೂ ಅದು ಬಂಗಾರವೇ. ಮರಾಠಿ ಮನೆಗಳಲ್ಲಿ "ಸೋನಂ ಘ್ಯಾ" ಅಂತ ಆಪ್ಟೆ ಎಲೆ ಕೈಗೆ ಇಡುತ್ತಾರೆ. ಅದೇ ಹೊತ್ತಿಗೆ ಬಂಗಾಳಿಗಳು ದುರ್ಗೆಯನ್ನು ನೀರಿಗೆ ಬಿಡುತ್ತಾರೆ. ಆಮೇಲೆ "ಶುಭೊ ಬಿಜೊಯಾ" ಅನ್ನುತ್ತಾ ಹಿರಿಯರ ಪಾದ ಮುಟ್ಟುತ್ತಾರೆ. ಓರಗೆಯವರು ಅಪ್ಪಿಕೊಳ್ಳುತ್ತಾರೆ. ಬಂದ ಮಕ್ಕಳ ಕೈಗೆ ತೆಂಗಿನಕಾಯಿ ಉಂಡೆ ಬರುತ್ತದೆ.

ರಂಜಾನ್ ಹಬ್ಬದ ಬೆಳಿಗ್ಗೆಯೂ ಹೀಗೆ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ದಾದಿ, ನಾನಿ, ಚಾಚಾ ಎಲ್ಲರಿಗೂ "ಈದ್ ಮುಬಾರಕ್" ಹೇಳಬೇಕು. "ಖೈರ್ ಮುಬಾರಕ್" ಅಂತ ಮರುಮಾತು ಬರುತ್ತದೆ. ಜೊತೆಗೆ ಕೈಗೆ ಈದಿ ಕಾಸು.

ದೀಪಾವಳಿ ಅಮಾವಾಸ್ಯೆಯ ರಾತ್ರಿ ಯಾವುದಾದರೂ ತಾಂಡಾಕ್ಕೆ ಹೋಗಿ ನೋಡಿ. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಬರುತ್ತಾರೆ. "ಯಾಡಿ ತೋನ ಮೇರಾ, ಬಾಪು ತೋನ ಮೇರಾ" ಅಂತ ಹಾಡುತ್ತಾರೆ. ಯಾಡಿ ಅಂದರೆ ತಾಯಿ, ಬಾಪು ಅಂದರೆ ತಂದೆ, ಮೇರಾ ಅಂದರೆ ಈ ಹಬ್ಬದ ಹಾರೈಕೆ. ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು, ಸಂಬಂಧ ಹಿಡಿದು ಕರೆದು ಹಬ್ಬ ಹೇಳುತ್ತಾರೆ. ಹಿರಿಯರು ಹರಸಿ ಕಾಸು ಕೊಡುತ್ತಾರೆ. ಮಾರನೆಯ ದಿನ ಅವರೇ ಕಾಡಿಗೆ ಹೋಗಿ ಹೂವು ತರುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗಂಡುಹುಡುಗರು ದೀಪಾವಳಿಗೆ ಆಣೀಪೀಣಿ ಹಾಡುತ್ತಾ ದನಗಳಿಗೆ ಬೆಳಗಲು ಮನೆ ಮನೆಗೆ ಹೋಗುತ್ತಿದ್ದರಲ್ಲ, ಅದೂ ಇದೇ ಬಗೆಯದು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಎಲ್ಲದರಲ್ಲೂ ಒಂದು ಸಮಾನ ಅಂಶ ಇದೆ. ಮಗು ಬಾಗಿಲಿಗೆ ಬರಬೇಕು. ಬಾಯಿಬಿಟ್ಟು ಹೇಳಬೇಕು. ಹಿರಿಯರು ಅದೇ ಭಾಷೆಯಲ್ಲಿ ಮರುಮಾತು ಕೊಡಬೇಕು. ಕೈಗೆ ಏನಾದರೂ ಸಿಗಬೇಕು. ನಮ್ಮ ಹಿರಿಯರು ಮಕ್ಕಳ ಪಾಲಿಗೆ ಅಂತಲೇ ಈ ಮಾತುಗಳನ್ನು ಇಟ್ಟಿದ್ದರು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಎಷ್ಟೇ ನಾಚಿಕೆಯ ಮಗು ಆದರೂ ಆ ದಿನ ಮನೆಯ ಭಾಷೆಯಲ್ಲಿ ಒಂದು ಪೂರ್ತಿ ವಾಕ್ಯ ಹೇಳುತ್ತದೆ.

ಈಗ ಆ ಪಾಲನ್ನು ನಾವು ಮಕ್ಕಳಿಂದ ತಗೊಂಡಿದ್ದೇವೆ. ಅಪ್ಪನ ಮೊಬೈಲಿಗೆ ಹೂವಿನ ಚಿತ್ರದ ಮೇಲೆ ಬರೆದ ಶುಭಾಶಯ ಬರುತ್ತದೆ. ಅಪ್ಪ ಅದನ್ನೇ ನೂರು ಜನಕ್ಕೆ ಕಳಿಸುತ್ತಾನೆ. ಮಗು ಪಕ್ಕದಲ್ಲಿ ಸುಮ್ನೆ ಕೂತಿರುತ್ತದೆ. ಅದರ ಬಾಯಿಂದ ಒಂದು ಮಾತೂ ಬರಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ದೂರದವರಿಗೆ ಕಳಿಸಿ, ಬೇಡ ಅನ್ನುವುದಿಲ್ಲ. ಪಕ್ಕದ ಮನೆಯ ಅಜ್ಜಿಗೂ ಮೊಬೈಲಿನಲ್ಲೇ ಕಳಿಸಿದರೆ ಮಗು ಕಲಿಯುವುದು ಯಾವಾಗ?

ಇದರಲ್ಲಿ ಇನ್ನೊಂದು ನಷ್ಟವೂ ಇದೆ. ಲಿಂಗಸುಗೂರು ತಾಲೂಕಿನ ಮುದಗಲ್ ಮೊಹರಂ ನಿಮಗೆಲ್ಲ ಗೊತ್ತು. ಹಿಂದೂಗಳು, ಮುಸ್ಲಿಮರು ಸೇರಿ ಅಲಾಯಿ ದೇವರನ್ನು ಕೂರಿಸುತ್ತಾರೆ. ಕರ್ಬಲಾದ ಕಥೆಯನ್ನು ನಮ್ಮ ಭಾಗದ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಪದಗಳಲ್ಲೇ ಹಾಡುತ್ತಾರೆ. ಅದು ಶೋಕದ ಹಬ್ಬ. ಇಮಾಮ್ ಹುಸೇನರು ಮಡಿದ ನೆನಪಿನ ದಿನ. ಅವತ್ತು ಯಾರೂ ಯಾರಿಗೂ ಮುಬಾರಕ್ ಅನ್ನುವುದಿಲ್ಲ. ಆದರೆ ಈಗ ಹುಡುಗರು ಅವತ್ತೂ ಹ್ಯಾಪಿ ಮೊಹರಂ ಅಂತ ಚಿತ್ರ ಕಳಿಸುತ್ತಾರೆ. ಅವರಲ್ಲಿ ಕೆಟ್ಟ ಮನಸ್ಸಿಲ್ಲ. ಯಾವ ದಿನ ಏನು ಹೇಳಬೇಕು, ಯಾವ ದಿನ ಹೇಳಬಾರದು ಅನ್ನುವುದನ್ನು ಅಜ್ಜ ಅಜ್ಜಿಯ ಪಕ್ಕ ಕೂತೇ ಕಲಿಯಬೇಕು. ಅಂಥ ಅವಕಾಶ ಆ ಹುಡುಗರಿಗೆ ಸಿಗಲಿಲ್ಲ, ಅಷ್ಟೇ.

ಇನ್ನು ಭಾಷೆಯ ಮಾತಿಗೆ ಬರುತ್ತೇನೆ. ಒಂದು ಭಾಷೆಯ ಆರೋಗ್ಯ ಅಳೆಯುವುದು ಹೇಗೆ ಅಂತ ಯುನೆಸ್ಕೋದ ತಜ್ಞರು 2003ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಒಂಬತ್ತು ಅಳತೆಗಳಿವೆ. ಮೊದಲನೆಯದೇ ಹಿರಿಯರಿಂದ ಕಿರಿಯರಿಗೆ ಭಾಷೆ ದಾಟುತ್ತಿದೆಯಾ ಅನ್ನುವುದು. ಅಜ್ಜ ಅಜ್ಜಿ ಮಾತಾಡುತ್ತಾರೆ. ಅಪ್ಪ ಅಮ್ಮನಿಗೆ ಅರ್ಥವಾಗುತ್ತದೆ, ಆದರೆ ಮಕ್ಕಳ ಜೊತೆ ಅದರಲ್ಲಿ ಮಾತಾಡುವುದಿಲ್ಲ. ಇದನ್ನು ತೀವ್ರ ಅಪಾಯದ ಹಂತ ಅಂತ ಆ ವರದಿ ಹೇಳುತ್ತದೆ. ನಿಮಗೆ ಗೊತ್ತಿರುವ ಎಷ್ಟು ಮನೆಗಳು ಈ ಹಂತದಲ್ಲಿವೆ, ನೀವೇ ನೆನಪು ಮಾಡಿಕೊಳ್ಳಿ.

ತೆಲುಗಿಗೆ, ಬಂಗಾಳಿಗೆ, ಉರ್ದುವಿಗೆ ಬೇರೆ ಕಡೆ ಕೋಟಿಗಟ್ಟಲೆ ಜನ ಇದ್ದಾರೆ. ಅವು ಅಳಿಯುವ ಭಾಷೆಗಳಲ್ಲ. ಆದರೂ ಕ್ಯಾಂಪಿನ ಒಂದು ಮನೆಯಲ್ಲಿ ಮೊಮ್ಮಗ ಅಜ್ಜಿಯ ಭಾಷೆ ಬಿಟ್ಟರೆ ಆ ಅಜ್ಜಿಗೆ ಮಾತಾಡಲು ಜನವೇ ಇರುವುದಿಲ್ಲ. ಆರ್.ಎಚ್. ಕ್ಯಾಂಪಿನ ಹಿರಿಯರು ಬಂದ ನೆಲವನ್ನೇ ನೋಡಿ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಬೀದಿಗೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ವಿದ್ಯಾರ್ಥಿಗಳು ಸತ್ತರು. ಆ ದಿನವನ್ನೇ 1999ರಲ್ಲಿ ಯುನೆಸ್ಕೋ ಅಂತರರಾಷ್ಟ್ರೀಯ ಮಾತೃಭಾಷಾ ದಿನ ಅಂತ ಸಾರಿತು. ಆ ನೆಲದ ಮೊಮ್ಮಕ್ಕಳು ನಮ್ಮ ಸಿಂಧನೂರಿನಲ್ಲಿ ಕನ್ನಡ ಓದುತ್ತಿದ್ದಾರೆ. ಅವರು ಕನ್ನಡವನ್ನು ಚೆನ್ನಾಗಿ ಕಲಿಯಲಿ, ಬಂಗಾಳಿಯನ್ನೂ ಉಳಿಸಿಕೊಳ್ಳಲಿ ಅಂತ ನನ್ನ ಆಸೆ.

ಲಂಬಾಣಿಯ ಸ್ಥಿತಿ ಇನ್ನೂ ಕಷ್ಟ. ಅದಕ್ಕೆ ಅಂತ ಒಂದು ರಾಜ್ಯ ಇಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಇಲ್ಲ. ಸ್ವಂತ ಲಿಪಿ ಇಲ್ಲ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಜಾಸ್ತಿ ಜನ ಇದು ತಮ್ಮ ಮಾತೃಭಾಷೆ ಅಂತ ಬರೆಸಿದ್ದಾರೆ. ಆದರೆ ಗಣತಿಯ ಪಟ್ಟಿಯಲ್ಲಿ ಅದು ಹಿಂದಿಯ ಕೆಳಗೆ ಸೇರಿಹೋಗಿದೆ. ಸಂಡೂರಿನ ತಾಂಡಾದ ಹೆಣ್ಣುಮಕ್ಕಳ ಕಸೂತಿಗೆ ದೇಶ ವಿದೇಶದಲ್ಲಿ ಬೆಲೆ ಇದೆ. ಆ ಕಸೂತಿ ಹಾಕುತ್ತಾ ಅವರು ಆಡುವ ಮಾತಿಗೆ ನಾನು ಪಾಠ ಮಾಡಿದ ಶಾಲೆಗಳಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಅದರ ಮೇಲೆ ಗುಳೆ. ಸುಗ್ಗಿ ಮುಗಿದರೆ ತಾಂಡಾದ ಅರ್ಧ ಜನ ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ. ಮಕ್ಕಳು ಹಾಸ್ಟೆಲಿಗೆ ಹೋಗುತ್ತಾರೆ, ಇಲ್ಲ ಅಪ್ಪ ಅಮ್ಮನ ಜೊತೆ ಹೋಗುತ್ತಾರೆ. ಎರಡೂ ಕಡೆ ಅಜ್ಜಿ ಇರುವುದಿಲ್ಲ.

ಒಂದು ಸಲ ನಾಲ್ಕನೇ ತರಗತಿಯಲ್ಲಿ ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನಂತೀರಿ ಅಂತ ಕೇಳಿದೆ. ಒಬ್ಬೊಬ್ಬರಾಗಿ ಬಂದು ಬೋರ್ಡಿನ ಮೇಲೆ ಬರೆಯಿರಿ, ಕನ್ನಡ ಅಕ್ಷರದಲ್ಲೇ ಬರೆಯಿರಿ ಅಂದೆ. ತಾಂಡಾದ ಹುಡುಗಿ ಒಬ್ಬಳು ಮೇರಾದ ಸಾಲು ಬರೆದಳು. ತನ್ನ ಮನೆಯ ಮಾತನ್ನೂ ಬರೆಯಬಹುದು ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಹಾಡಿಯೂ ತೋರಿಸಿದಳು. ಉಳಿದ ಮಕ್ಕಳು ಅವಳ ಹಿಂದೆ ಹಾಡಿದರು. ಶಿಕ್ಷಕರಿಗೆ ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಕನ್ನಡ ಲಿಪಿ ಲಂಬಾಣಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಬಳ್ಳಾರಿ, ಹೊಸಪೇಟೆಯಂಥ ಊರುಗಳಲ್ಲಿ ತಾಯಂದಿರು ನನ್ನ ಹತ್ತಿರ ಒಂದು ಮಾತು ಹೇಳುತ್ತಾರೆ. "ಟೀಚರ್, ಎರಡು ಮೂರು ಭಾಷೆ ಆಡಿದರ ಹುಡುಗುಗ ಗೊಂದಲ ಆಗ್ತದಂತ. ಸಾಲ್ಯಾಗ ಮನ್ಯಾಗೂ ಇಂಗ್ಲಿಷೇ ಮಾತಾಡ್ರಿ ಅಂತಾರ." ಅಮ್ಮಂದಿರೇ, ಗೊಂದಲ ಆಗುವುದಿಲ್ಲ. ನಮ್ಮ ಬಳ್ಳಾರಿಯ ತರಕಾರಿ ಮಾರುವವರ ಮಕ್ಕಳನ್ನೇ ನೋಡಿ. ತೆಲುಗು, ಕನ್ನಡ, ಉರ್ದು ಮೂರೂ ಆಡುತ್ತಾರೆ. ಯಾರ ಮುಂದೆ ಯಾವುದು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಫ್ರಾನ್ಸಿನ ಭಾಷಾವಿಜ್ಞಾನಿ ಜೂಲ್ ರೊಂಜಾ ತನ್ನ ಮಗನ ಜೊತೆ ಫ್ರೆಂಚ್ ಮಾತ್ರ ಮಾತಾಡಿದ. ಅವನ ಹೆಂಡತಿ ಮಗನ ಜೊತೆ ಜರ್ಮನ್ ಮಾತ್ರ ಮಾತಾಡಿದಳು. ಮಗು ಎರಡನ್ನೂ ಸರಾಗವಾಗಿ ಕಲಿಯಿತು. ಅವನು ಅದನ್ನೆಲ್ಲ ಬರೆದಿಟ್ಟು 1913ರಲ್ಲೇ ಪ್ರಕಟಿಸಿದ. ಆಮೇಲೆ ಬಂದ ಸಂಶೋಧನೆಗಳೂ ಎರಡು ಭಾಷೆಯಿಂದ ಮಗುವಿಗೆ ಕೇಡಿಲ್ಲ ಅಂತಲೇ ಹೇಳಿವೆ. ಇಂಗ್ಲಿಷ್ ಶಾಲೆ ಕಲಿಸುತ್ತದೆ. ಅಜ್ಜಿಯ ತೆಲುಗನ್ನು, ಅವ್ವನ ಕನ್ನಡವನ್ನು ಯಾವ ಶಾಲೆಯೂ ಕಲಿಸುವುದಿಲ್ಲ.

ಕನ್ನಡ ಅಂದೆ. ಹೌದು, ಕನ್ನಡದ ಮನೆಗಳಿಗೂ ಈ ಮಾತು ಸೇರುತ್ತದೆ. ರಾಯಚೂರು, ಕೊಪ್ಪಳ 1956ರವರೆಗೂ ಹೈದರಾಬಾದಿಗೆ ಸೇರಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಓದಿನ ಭಾಷೆ ಉರ್ದು. ನಮ್ಮ ಅಜ್ಜಂದಿರು ಉರ್ದುವಿನಲ್ಲಿ ಪರೀಕ್ಷೆ ಬರೆದರು. ಹಾಗಿದ್ದೂ ಕನ್ನಡ ಯಾಕೆ ಉಳಿಯಿತು? ಮನೆಯಲ್ಲಿ ಅವ್ವ ಕನ್ನಡ ಬಿಡಲಿಲ್ಲ. ಮಠದಲ್ಲಿ ವಚನ ನಿಲ್ಲಲಿಲ್ಲ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಬರೆದ ಪದಗಳನ್ನು ಓದು ಬಾರದ ಹೆಂಗಸರೂ ಬೆಳಗಿನ ಕೆಲಸದ ಜೊತೆ ಹಾಡಿದರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದ ಹುಡುಗಿಯರು ಕನ್ನಡದಲ್ಲೇ ಹಾಡಿದರು. ಉರ್ದು ಕಲಿತದ್ದೂ ವ್ಯರ್ಥ ಆಗಲಿಲ್ಲ. ಹೆಂಬೇರಾಳದ ಶಾಂತರಸರು ಆ ಉರ್ದುವಿನಿಂದ ಗಜಲನ್ನು ಕನ್ನಡಕ್ಕೆ ತಂದರು. ಆಳುವವರ ಬಲ ಇಲ್ಲದೆ ನಮ್ಮ ಭಾಷೆ ಉಳಿದದ್ದು ಮನೆಯ ಬಲದಿಂದ. ಹಾಗಿರುವಾಗ ಪಕ್ಕದ ತಾಂಡಾದವರು, ಕ್ಯಾಂಪಿನವರು ತಮ್ಮ ಮಾತು ಉಳಿಸಿಕೊಳ್ಳಲು ಹೊರಟರೆ ಅದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕಾದವರು ನಾವೇ ಅಲ್ವಾ?

ಅಜ್ಜ ಅಜ್ಜಿಯರಿಗೆ ಒಂದು ಮಾತು, ಇದನ್ನು ದಯವಿಟ್ಟು ಕೇಳಿ. ಮಗು ತಪ್ಪು ಮಾತಾಡಿದರೆ ನಗಬೇಡಿ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಕಷ್ಟಪಟ್ಟು ಒಂದು ವಾಕ್ಯ ಜೋಡಿಸುತ್ತಾನೆ. ಮನೆತುಂಬ ಜನ ನಗುತ್ತಾರೆ. ಪ್ರೀತಿಯಿಂದಲೇ ನಗುತ್ತಾರೆ, ಗೊತ್ತು. ಆದರೆ ಆ ಹುಡುಗ ಆಮೇಲೆ ಆ ಭಾಷೆಯಲ್ಲಿ ಬಾಯಿ ತೆರೆಯುವುದಿಲ್ಲ. ಎಷ್ಟೋ ಮಕ್ಕಳು ಹೀಗೆ ಮಾತು ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವನು ಹೇಳಿದ್ದನ್ನೇ ನೀವು ಸರಿಯಾಗಿ ಇನ್ನೊಮ್ಮೆ ಹೇಳಿ, ಮಾತು ಮುಂದುವರಿಸಿ. ಅವನು ತಾನೇ ತಿದ್ದಿಕೊಳ್ಳುತ್ತಾನೆ.

ಹಬ್ಬದ ಮಾತು ಒಂದೇ ಸಾಕಾಗುವುದಿಲ್ಲ, ಅದೂ ನಿಜ. ಬನ್ನಿ ಕೊಟ್ಟ ಮಗುವನ್ನು ಬಾಗಿಲಲ್ಲೇ ಕಳಿಸಬೇಡಿ. ಒಳಗೆ ಕರೆದು ಕೂರಿಸಿ. ಏನು ಉಂಡೆ, ಯಾರ ಜೊತೆ ಬಂದೆ, ನಿಮ್ಮವ್ವ ಹೆಂಗಿದ್ದಾಳೆ ಅಂತ ಕೇಳಿ. ಅದು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೂ ನೀವು ನಿಮ್ಮ ಭಾಷೆಯಲ್ಲೇ ಮುಂದಿನ ಪ್ರಶ್ನೆ ಕೇಳಿ. ಕರ್ಚಿಕಾಯಿ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿಟ್ಟು ನಾದುವ, ಲಟ್ಟಿಸುವ, ಹೂರಣ ತುಂಬುವ ಮಾತೆಲ್ಲ ಕೈಕೆಲಸದ ಜೊತೆ ತಾನಾಗಿ ಹತ್ತುತ್ತದೆ. ದೂರದ ಊರಿನಲ್ಲಿ ಮೊಮ್ಮಕ್ಕಳು ಇದ್ದರೆ ಚಿತ್ರ ಕಳಿಸಬೇಡಿ, ಫೋನ್ ಮಾಡಿ. ಅಪ್ಪ ಅಮ್ಮನ ಜೊತೆ ಮಾತಾಡುವ ಮೊದಲು ಮಗುವಿನ ಕೈಗೆ ಫೋನ್ ಕೊಡಲು ಹೇಳಿ.

ಕೊನೆಗೆ, ನಮ್ಮ ಭಾಗದ ಹಾಸ್ಟೆಲ್ ವಾರ್ಡನ್‌ಗಳಲ್ಲಿ ಒಂದು ಬೇಡಿಕೆ. ಈ ಅಮಾವಾಸ್ಯೆಗೆ ತಾಂಡಾದ ಹುಡುಗಿಯರನ್ನು ಆದಷ್ಟು ಊರಿಗೆ ಕಳಿಸಿ. ಅಪ್ಪ ಅಮ್ಮ ಗುಳೆ ಹೋಗಿ ಮನೆಗೆ ಬೀಗ ಬಿದ್ದಿರುವ ಹುಡುಗಿಯರು ಹಾಸ್ಟೆಲಿನಲ್ಲೇ ಉಳಿಯುತ್ತಾರೆ. ಅವರಿಗೆ ಎಣ್ಣೆ, ಬತ್ತಿ, ಹಣತೆ ಕೊಡಿಸಿ. ದೊಡ್ಡ ಹುಡುಗಿಯರು ಚಿಕ್ಕವರಿಗೆ ಹಾಡು ಹೇಳಿಕೊಡಲಿ. ಅಡುಗೆಯವರು, ಕಾವಲಿನವರು, ನೀವು, ಎಲ್ಲರೂ ಬಾಗಿಲಲ್ಲಿ ನಿಲ್ಲಿ. ಅವರು ಬಂದು "ಯಾಡಿ ತೋನ ಮೇರಾ" ಅಂದಾಗ ಹರಸಿ, ಕೈಗೆ ಒಂದೊಂದು ರೂಪಾಯಿ ಕೊಡಿ.

ನಮಸ್ಕಾರ.