ನಕ್ಷತ್ರಕ್ಕೆ ಗಂಜಿ

ಎಲ್ಲರಿಗೂ ನಮಸ್ಕಾರ. ಸೆಕೆ ಇದೆ, ಗೊತ್ತು. ಆದರೆ ಫ್ಯಾನ್ ಹಾಕಿದರೆ ಮೇಜಿನ ಮೇಲಿರುವ ನನ್ನ ಕ್ರೋಶಾ ನಕ್ಷತ್ರಗಳು ಹಾರುತ್ತವೆ. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವ ಈ ಕ್ರೋಶಾವನ್ನು ನಾನು ಮೊದಲು ನೋಡಿದ್ದು ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಮೇಲೆ. ಆಗ ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಕ್ರಿಸ್‌ಮಸ್ ಬಂತು ಅಂದರೆ ಪಕ್ಕದ ಮನೆಯ ಬಾಯಮ್ಮ ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಜೋಡಿಸಿ ತಟ್ಟೆ ತರುತ್ತಿದ್ದರು. ಮೇಲೊಂದು ಬಿಳಿ ಕ್ರೋಶಾ ಮುಚ್ಚಿಗೆ. ಅಂಚಿಗೆ ಸುತ್ತಲೂ ನೀಲಿ ಮಣಿ. ಗಾಳಿಗೆ ಏಳಬಾರದಲ್ಲ, ಅದಕ್ಕೆ ಮಣಿಯ ಭಾರ. ಅಮ್ಮ ತಿಂಡಿ ತೆಗೆದಿಟ್ಟು, ಖಾಲಿ ತಟ್ಟೆ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ ಕಳಿಸುತ್ತಿದ್ದರು. ನನ್ನ ಕಣ್ಣು ಆ ಮುಚ್ಚಿಗೆಯ ಮೇಲೆ. ಸುಳ್ಳು ಯಾಕೆ, ನೆವ್ರಿಯ ಮೇಲೂ ಇತ್ತು.

ಕಡ್ಡಿ ಹಿಡಿಯಲು ಕಲಿಸಿದ್ದು ಬಾಯಮ್ಮನೇ. "ದಾರ ಎಳೀಬೇಡ ಮಗಾ, ಅದಾಗಿಯೇ ಬರ್ತದೆ" ಅನ್ನುತ್ತಿದ್ದರು. ಬರಲು ಎರಡು ವರ್ಷ ಹಿಡಿಯಿತು.

ಹೊಸಬರಿಗೆ ನಾನು ಹೇಳುವುದು ಐದು ಮೂಲೆಯ ನಕ್ಷತ್ರ. ನಡುವೆ ಒಂದು ಕುಣಿಕೆ, ಅದರೊಳಗೆ 15 ಕಂಬ, ಅಂದರೆ ಎತ್ತರದ ಹೆಣಿಗೆ. ಆಮೇಲೆ 6 ಚೈನ್ (ಸರಪಳಿ ಹೆಣಿಗೆ) ಹಾಕಿ, ಅದೇ ಚೈನಿನ ಮೇಲೆ ಹಿಂದಕ್ಕೆ ಬನ್ನಿ. ಮೊದಲು ಗಿಡ್ಡ ಹೆಣಿಗೆ, ಮುಂದಿನದು ಸ್ವಲ್ಪ ಎತ್ತರ, ಅದರ ಮುಂದಿನದು ಇನ್ನೂ ಎತ್ತರ. ತುದಿ ಚೂಪು, ಬುಡ ಅಗಲ, ಒಂದು ಮೂಲೆ ಆಯಿತು. ಕೆಳಗೆ 2 ಕಂಬ ಬಿಟ್ಟು ಮೂರನೆಯದಕ್ಕೆ ಸಿಕ್ಕಿಸಿ. ಮೂರು ಮೂರರ ಲೆಕ್ಕದಲ್ಲಿ 15ಕ್ಕೆ ಐದು ಮೂಲೆ. ಲೆಕ್ಕ ತಪ್ಪಿದರೆ ನಾಲ್ಕೂವರೆ ಮೂಲೆ. ಅಂಥವು ನನ್ನ ಹತ್ತಿರ ಎರಡಿವೆ, ಕ್ರಿಸ್‌ಮಸ್ ಮರದ ಹಿಂದುಗಡೆ ಕಟ್ಟುತ್ತೇನೆ.

ಹೆಣಿಗೆಗಳ ಹೆಸರಲ್ಲಿ ಒಂದು ಗೊಂದಲ ಇದೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟಿಷರು ಡಬಲ್ ಕ್ರೋಶಾ ಅನ್ನುತ್ತಾರೆ. ಬಾಯಮ್ಮನದು ಬ್ರಿಟಿಷ್ ಲೆಕ್ಕ, ಇಂಟರ್ನೆಟ್ಟಿನಲ್ಲಿ ಜಾಸ್ತಿ ಅಮೆರಿಕದ್ದು. ಅದು ಗೊತ್ತಿಲ್ಲದೆ ನಾನು ಹೆಣೆದ, ಮರಕ್ಕೆ ಕಟ್ಟುವ ಮೊದಲ ಗಂಟೆ ಸೋಡಾ ಬಾಟಲಿಯ ಮುಚ್ಚಳದಷ್ಟು ಮೋಟಾಯಿತು. ಹೆಣೆಯುವ ಮೊದಲು ಯಾವ ಲೆಕ್ಕ ಅಂತ ನೋಡಿಕೊಳ್ಳಿ.

ಇನ್ನು ನಾನು ನಿಜವಾಗಿ ಮಾತಾಡಲು ಬಂದ ವಿಷಯ. ಹೆಣೆದು ಮುಗಿದ ನಕ್ಷತ್ರ ಒದ್ದೆ ಹಪ್ಪಳದ ಹಾಗೆ ಜೋತು ಬೀಳುತ್ತದೆ. ಅದನ್ನು ನಿಲ್ಲಿಸುವುದು ಕಡ್ಡಿಯಲ್ಲ, ಗಂಜಿ.

ನಮ್ಮೂರಲ್ಲಿ ಗಂಜಿಗೆ ಬರವೇ? ಮೊದಲ ಸಲ ನಾನು ಮಧ್ಯಾಹ್ನದ ಕುಚ್ಚಲಕ್ಕಿಯ ತಿಳಿಯಲ್ಲೇ ಅದ್ದಿಬಿಟ್ಟೆ. ಒಣಗಿದ ಮೇಲೆ ನೋಡಿದರೆ ಬಿಳಿ ನಕ್ಷತ್ರಕ್ಕೆ ಚಾ ಚೆಲ್ಲಿದ ಬಣ್ಣ! ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ತಿಳಿಯೇ ಬೇಕು. ಉಪ್ಪು ಹಾಕುವ ಮೊದಲೇ ತೆಗೆದಿಡಿ. ಸೋಸಿ ಮತ್ತೆ ಕುದಿಸಿ, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪ ಆದಾಗ ಇಳಿಸಿ. ನಕ್ಷತ್ರ ಅದ್ದಿ, ಮೆಲ್ಲಗೆ ಹಿಂಡಿ. ಥರ್ಮೋಕೋಲ್ ತುಂಡಿನ ಮೇಲೆ ಪ್ಲಾಸ್ಟಿಕ್ ಹಾಸಿ, ಒಂದೊಂದು ಮೂಲೆಯನ್ನೂ ಎಳೆದು ಗುಂಡುಪಿನ್ನು ಚುಚ್ಚಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ನಮ್ಮ ಕಡಲ ಗಾಳಿಗೆ ಉಳಿದದ್ದು ತುಕ್ಕು ಹಿಡಿದು ಕಲೆ ಬಿಡುತ್ತದೆ. ಒಂದು ದಿನ ಮುಟ್ಟಬೇಡಿ.

ದಾರ ಮಾತ್ರ ಹತ್ತಿಯದ್ದಾಗಿರಬೇಕು. ಉಲ್ಲನ್ ಅಂತ ಅಂಗಡಿಯಲ್ಲಿ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದು ಗಂಜಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಇಸ್ತ್ರಿ ಇಟ್ಟರೆ ಇನ್ನೂ ಸೋತು ಮಲಗುತ್ತದೆ.

ಗಂಜಿಯ ಕಷ್ಟ ಗೊತ್ತಾಗುವುದು ಮಳೆಗಾಲದಲ್ಲಿ. ಒಂದು ವರ್ಷ 40 ನಕ್ಷತ್ರ ಮಾಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಏರಿಸಿದ್ದೆ. ಡಿಸೆಂಬರಿನಲ್ಲಿ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಅರ್ಧಕ್ಕೆ ಬೂಷ್ಟು, ಉಳಿದದ್ದರ ಮೂಲೆಗಳನ್ನು ಜಿರಳೆ ತಿಂದಿತ್ತು. ತಪ್ಪು ಜಿರಳೆಯದ್ದಲ್ಲ, ಊಟ ಹಾಕಿದ್ದು ನಾನು ತಾನೇ. ಈಗ ಪ್ರತಿ ವರ್ಷ ಜನವರಿ 6ರ ಮೂರು ರಾಯರ ಹಬ್ಬ (ಬಾಲಯೇಸುವನ್ನು ನೋಡಲು ಬಂದವರ ಹಬ್ಬ) ಕಳೆದ ಕೂಡಲೇ ಎಲ್ಲವನ್ನೂ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಗಂಜಿ ಬಿಡಿಸುತ್ತೇನೆ. ಬಿಸಿಲಿಗೆ ಒಣಗಿಸಿ, ಹಳೆಯ ವೇಷ್ಟಿಯ ತುಂಡಿನಲ್ಲಿ ಕಟ್ಟಿಡುತ್ತೇನೆ. ಡಿಸೆಂಬರಿಗೆ ಮತ್ತೆ ಗಂಜಿ. ಡಬಲ್ ಕೆಲಸ, ಹೌದು. ಆದರೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮೇಲೆ ಕಟ್ಟುವ ನಮ್ಮ ದೊಡ್ಡ ನಕ್ಷತ್ರಕ್ಕೆ ಈಗ 11 ವರ್ಷ.

ಮಾರುವವರಿಗೆ ಒಂದು ಮಾತು. ಕಳೆದ ಸಲ ಒಬ್ಬರು ನನ್ನ ನಕ್ಷತ್ರ ತಿರುಗಿಸಿ ನೋಡಿ, "ಮೆಷಿನಿದು ಕಡಿಮೆಗೆ ಸಿಗ್ತದಲ್ಲ?" ಅಂದರು. ನಿಟ್ಟಿಂಗಿಗೆ ಮೆಷಿನ್ ಇದೆ, ಕಸೂತಿಗೂ ಇದೆ. ಕ್ರೋಶಾವನ್ನು ಕೈಯಲ್ಲಿ ಮಾಡಿದ ಹಾಗೇ ಹೆಣೆಯುವ ಮೆಷಿನ್ ಮಾರುಕಟ್ಟೆಯಲ್ಲಿಲ್ಲ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಕ್ಷಾಮ ಬಂದಾಗ, ಅಲ್ಲಿನ ಹೆಂಗಸರು ಕ್ರೋಶಾ ಲೇಸ್ ಹೆಣೆದು ಮನೆ ನಡೆಸಿದರು. ಹಾಗೆಯೇ ಇವತ್ತು ಅಗ್ಗಕ್ಕೆ ಸಿಕ್ಕ ಕ್ರೋಶಾವನ್ನೂ ಎಲ್ಲೋ ಒಬ್ಬಳು ಕೂತು ಹೆಣೆದಿದ್ದಾಳೆ, ಅವಳಿಗೆ ಸಿಕ್ಕಿದ್ದು ಕಡಿಮೆ ಅಷ್ಟೇ. ನನಗೆ ಒಂದು ನಕ್ಷತ್ರಕ್ಕೆ 20 ನಿಮಿಷ ಬೇಕು, ಗಂಜಿ ಬೇರೆ. ಅಷ್ಟನ್ನು ಲೆಕ್ಕ ಹಾಕಿಯೇ ಬೆಲೆ ಹೇಳಿ. ಚೌಕಾಸಿಗೆ ನಗು ಸಾಕು.

ಹಿಂದಿನ ಮೇಜಿನಲ್ಲಿ ಬೆಳ್ತಿಗೆ ಗಂಜಿ ಇಟ್ಟಿದ್ದೇನೆ, ಇನ್ನೂ ಉಗುರುಬೆಚ್ಚಗಿದೆ. ಕೈ ಒದ್ದೆ ಆಗ್ತದೆ, ಬಳೆ ಮೇಲೆ ಸರಿಸಿಕೊಂಡು ಬನ್ನಿ. ಪಿನ್ನು ಎಣಿಸಿ ಕೊಡ್ತೇನೆ, ಎಣಿಸಿಯೇ ವಾಪಸ್ ತಗೊಳ್ತೇನೆ.