ಮಾವನ ಮಾತಿನಲ್ಲಿ ಸಡಿಲಾದ ಎಳೆ

ಕೇಳುಗರಿಗೆ ನಮಸ್ಕಾರ.

ಇಳಕಲ್ಲಿನ ಕುಣಿಮಗ್ಗದಲ್ಲಿ ಐವತ್ತು ವರ್ಷ ಕುಳಿತು ಸೀರೆ ನೇಯ್ದ ನನ್ನ ಸೋದರಮಾವ, ಎರಡು ವರ್ಷದ ಹಿಂದಿನ ಒಂದು ಸಂಜೆ ಮೊಮ್ಮಗನಿಗೆ ಕೊಂಡಿ ಹಾಕುವ ಬಗೆಯನ್ನು, ಎಂದರೆ ಸೀರೆಯ ಒಡಲಿನ ಹಾಸಿನೊಂದಿಗೆ, ಅಂದರೆ ಮಗ್ಗದ ಉದ್ದನೆಯ ಎಳೆಗಳೊಂದಿಗೆ, ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೂಡಿಸುವ ಬಗೆಯನ್ನು ಹೇಳಿಕೊಡುತ್ತಿದ್ದರು. "ಇದರಾಗಿಂದ ಅದನ್ನ ತಗೋಬೇಕು, ಆಮ್ಯಾಲೆ ಅದಕ್ಕ ಇದನ್ನ ಹಾಕೋದು." ಆ ಮಾತಿನಲ್ಲಿ ಹಾಸು ಎಂಬ ಪದ ಇರಲಿಲ್ಲ, ಅಡ್ಡ ಎಳೆ ಒಯ್ಯುವ ಲಾಳಿ ಇರಲಿಲ್ಲ, ಎಳೆಗಳನ್ನು ಒತ್ತಿ ಕೂಡಿಸುವ ಬಾಚಣಿಗೆಯಂಥ ಹಣಗಿಯೂ ಇರಲಿಲ್ಲ, ಬೆರಳುಗಳು ಮಾತ್ರ ಗಾಳಿಯಲ್ಲಿ ಒಂದೂ ತಪ್ಪಿಲ್ಲದೆ ಎಳೆ ಕೂಡಿಸುತ್ತಿದ್ದವು. ಅದೇ ವಾರ ಅವರು ನೆರೆಮನೆಯ ಅಳಿಯನ ಹೆಸರು ಮರೆತಾಗ ಮನೆಯವರೆಲ್ಲ ಗಾಬರಿಗೊಂಡಿದ್ದರು. ಆದರೆ ಕೊಂಡಿಯ ಆ ಸಂಜೆ ಯಾರಿಗೂ ಏನೂ ಅನ್ನಿಸಲಿಲ್ಲ. ಗಾಬರಿ ತಪ್ಪಾದ ದಿನ ಆಯಿತು ಎಂಬುದನ್ನು ತಿಳಿಯಲು ನನಗೂ ಕೆಲವು ತಿಂಗಳು ಬೇಕಾದವು.

ನಾನು ವೈದ್ಯನಲ್ಲ, ಬಾಗಲಕೋಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಆದ್ದರಿಂದ ಇಂದು ನಾನು ಹೇಳುವುದು ಔಷಧದ ವಿಚಾರವಲ್ಲ, ಹಿರಿಯರ ದಿನನಿತ್ಯದ ಮಾತಿನಲ್ಲಿ ಕಾಣುವ ಮರೆವಿನ ಕಾಯಿಲೆಯ ಸುಳಿವಿನ ವಿಚಾರ.

ವಯಸ್ಸಾದವರು ಹೆಸರು ಮರೆಯುವುದು ಸಹಜ. ಅದಕ್ಕೊಂದು ಕಾರಣವೂ ಇದೆ. ಹೊಸ ಪರಿಚಯದವರೊಬ್ಬರ ಅಡ್ಡಹೆಸರು ಬಡಿಗೇರ ಎಂದು ಹೇಳಿದರೆ ನಾವು ಬೇಗ ಮರೆಯುತ್ತೇವೆ. ಅದೇ ವ್ಯಕ್ತಿ ಬಡಿಗನೆಂದು ಹೇಳಿದರೆ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಬಡಿಗ ಎಂದೊಡನೆ ಉಳಿ, ಬಾಚಿ, ಕೂರಿಗೆ, ಬಂಡಿಯ ಗಾಲಿ ಎಲ್ಲವೂ ಮನಸ್ಸಿನಲ್ಲಿ ಒಟ್ಟಿಗೆ ಏಳುತ್ತವೆ ಮತ್ತು ಅವುಗಳಲ್ಲಿ ಯಾವುದನ್ನು ಹಿಡಿದರೂ ಆತನನ್ನು ತಲುಪಬಹುದು. ಅಡ್ಡಹೆಸರಿಗೆ ಇರುವುದು ಒಂದೇ ಎಳೆ. ವಯಸ್ಸಾದಂತೆ ಆ ಒಂಟಿ ಎಳೆ ಮೊದಲು ಕೈಗೆ ಸಿಗದಾಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ, ಚಹಾ ಕುಡಿಯುವಾಗ ಆ ಹೆಸರು ತಾನಾಗಿ ನೆನಪಾದರೆ ಚಿಂತೆಗೆ ಎಡೆಯಿಲ್ಲ. ಆರೋಗ್ಯವಂತ ಹಿರಿಯರ ಪದಸಂಪತ್ತು ಎಪ್ಪತ್ತರ ಹೊತ್ತಿಗೂ ಹೆಚ್ಚು ಕುಗ್ಗುವುದಿಲ್ಲ. ಒಗಟು, ಗಾದೆಗಳಲ್ಲಿ ಅವರು ಇಂದಿಗೂ ನಮ್ಮನ್ನು ಸೋಲಿಸುತ್ತಾರೆ.

ಹಾಗಾದರೆ ಗಮನಿಸಬೇಕಾದದ್ದು ಯಾವುದು? ಟೊರೊಂಟೊ ನಗರದ ಸಂಶೋಧಕರು 18ರಿಂದ 90 ವರ್ಷದೊಳಗಿನ 125 ಆರೋಗ್ಯವಂತರಿಗೆ ಒಂದು ದೃಶ್ಯವನ್ನು ವಿವರವಾಗಿ ಬಣ್ಣಿಸಲು ಹೇಳಿ, 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದಕ್ಕಾಗಿ ನಡುವೆ ತಡವರಿಸುವುದಕ್ಕಿಂತ ಒಟ್ಟು ಮಾತಿನ ವೇಗವೇ ಮೆದುಳಿನ ಚುರುಕಿನೊಂದಿಗೆ ಹೆಚ್ಚು ಹೊಂದಿಕೊಂಡಿದೆ ಎಂದು ಕಂಡುಕೊಂಡರು. ಇಂಗ್ಲಿಷ್ ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರ 1995ರ ಕೊನೆಯ ಕಾದಂಬರಿಯನ್ನು ಅವರ ಹಿಂದಿನ ಬರವಣಿಗೆಯೊಂದಿಗೆ ಹೋಲಿಸಿದ ಲಂಡನ್ನಿನ ವಿದ್ವಾಂಸರು, ವ್ಯಾಕರಣ ಬಹುಮಟ್ಟಿಗೆ ನೆಟ್ಟಗೇ ಇದ್ದರೂ ಪದಗಳ ವೈವಿಧ್ಯ ತೀರ ಬಡವಾಗಿತ್ತು ಎಂದು 2005ರಲ್ಲಿ ತೋರಿಸಿದರು. ಆ ಕಾದಂಬರಿ ಬರೆಯುವಾಗ ಅವರಿಗೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದೆಯೆಂದು ಯಾರೂ ಗುರುತಿಸಿರಲಿಲ್ಲ. ಇಲ್ಲಿ ನನಗೆ ಮುಖ್ಯವೆನಿಸಿದ್ದು ಹೋಲಿಕೆಯ ರೀತಿ: ಅವರನ್ನು ಅಳೆದದ್ದು ಬೇರೊಬ್ಬ ಲೇಖಕರ ಪಕ್ಕ ಇಟ್ಟಲ್ಲ, ಹಿಂದಿನ ಮರ್ಡಾಕರ ಪಕ್ಕವೇ ಇಟ್ಟು.

ನಮ್ಮ ಮಾವ ಕಾದಂಬರಿ ಬರೆದಿಲ್ಲ. ಅವರ ಹಿಂದಿನ ಮಾತು ಉಳಿದಿರುವುದು ಅತ್ತೆಯ ಕಿವಿಯಲ್ಲಿ, ಮಗ್ಗದ ಗೆಳೆಯರ ಕಿವಿಯಲ್ಲಿ. "ಏನಂತಾರ ಅದಕ್ಕ" ಎಂಬುದನ್ನು ಬಾಲ್ಯದಿಂದಲೂ ಉಸಿರಿನಂತೆ ಬಳಸುವವರು ನಮ್ಮ ಕಡೆ ಬೇಕಾದಷ್ಟು ಜನ. ಅವರ ಬಾಯಲ್ಲಿ ಅದು ಯಾವ ಲಕ್ಷಣವೂ ಅಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ತಮ್ಮ ಓಣಿಯ ಕತೆಯನ್ನು ನವನಗರದ ಹಿರಿಯರು ವರ್ಷಕ್ಕೆ ಇಪ್ಪತ್ತು ಸಲ ಹೇಳಿದರೂ ಅದು ಕಾಯಿಲೆಯಲ್ಲ, ಅದು ನೋವು. ಆದರೆ ಕಟ್ಟೆಯ ಮೇಲೆ ಒಂದೇ ಕೂಟದಲ್ಲಿ, ಹೇಳಿ ಮುಗಿಸಿ ಹತ್ತು ನಿಮಿಷವಾಗುವುದರೊಳಗೆ, ಅದೇ ಕತೆಯನ್ನು ಹೊಸದೆಂಬಂತೆ ಮತ್ತೆ ಎತ್ತಿಕೊಂಡರೆ ಗಮನಿಸಬೇಕು. ಗಳಗಳನೆ ಮಾತಾಡುತ್ತಿದ್ದವರು ಪದಪದಕ್ಕೂ ನಿಲ್ಲತೊಡಗಿದರೆ, ಹಾಸ್ಯಗಾರರೆನಿಸಿದ್ದವರು ಇತರರ ಹಾಸ್ಯ ಹಿಡಿಯಲಾರದೆ ಸುಮ್ಮನಾದರೆ, ಕೈಯಲ್ಲಿ ಕಸುಬು ಉಳಿದಿದ್ದೂ ಕಸುಬಿನ ಪದಗಳು ಜಾರಿದರೆ, ಆಗಲೂ ಗಮನಿಸಬೇಕು.

ಆಸ್ಪತ್ರೆಯ ಪರೀಕ್ಷೆಗಳು ಉಪಯುಕ್ತವೇ, ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿಸುವುದು ಅವುಗಳಲ್ಲೊಂದು. ಆದರೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಚಿತ್ರಪರೀಕ್ಷೆಯಲ್ಲಿ ಅಮೆರಿಕದ ಅಡುಗೆಮನೆ, ಸ್ಟೂಲಿನ ಮೇಲೆ ಹತ್ತಿ ಬಿಸ್ಕಿಟು ಕದಿಯುವ ಹುಡುಗ, ಉಕ್ಕಿ ಹರಿಯುವ ಸಿಂಕು ಇವೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ನಮ್ಮ ಅಜ್ಜಿ ಅದನ್ನು ನೋಡಿ ಮೌನವಾದರೆ ಆ ಮೌನ ಯಾರ ಕೊರತೆ?

ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿಯನ್ನೂ ಹೇಳಬೇಕು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವುರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು 2013ರಲ್ಲಿ ವರದಿ ಮಾಡಿದರು. ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡಿತ್ತು. ಬೇರೆ ಕಡೆಯ ಎಲ್ಲ ಅಧ್ಯಯನಗಳು ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಬೀಗರೊಂದಿಗೆ ಮರಾಠಿ ಆಡುವ ಅಜ್ಜಿಯ ಮೆದುಳು ಬಿಡುವಿಲ್ಲದೆ ದುಡಿದಿದೆ ಎಂಬುದನ್ನು ಮೊಮ್ಮಕ್ಕಳು ತಿಳಿಯಲಿ.

ಮಾತು ಬದಲಾಯಿತೆಂದರೆ ಆಲ್ಝೈಮರ್ ಎಂದೇ ಅರ್ಥವಲ್ಲ. ಕಿವಿ ಮಂದವಾಗುವುದು, ಥೈರಾಯ್ಡ್ ಏರುಪೇರು, ಬಿ12 ಜೀವಸತ್ವದ ಕೊರತೆ, ಸಂಗಾತಿಯನ್ನು ಕಳೆದುಕೊಂಡವರ ಖಿನ್ನತೆ, ಇವೂ ಮಾತನ್ನು ಕುಗ್ಗಿಸುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಮಾತು ಒಮ್ಮೆಲೇ ತೊದಲಿದರೆ, ಬಾಯಿ ಒಂದು ಬದಿಗೆ ವಾಲಿದರೆ ಮಾತ್ರ ನಾಳೆಗೆಂದು ಬಿಡಬೇಡಿ. ಅದು ಪಾರ್ಶ್ವವಾಯು ಆಗಿರಬಹುದು, ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಅವಧಿ.

ಮಾವನನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಅತ್ತೆ "ಮರೆವು ಆಗೇದ" ಎಂದಷ್ಟೇ ಹೇಳುವವರಿದ್ದರು. ಬದಲಿಗೆ ನಾವು ಒಂದು ತಿಂಗಳು ಅವರ ಮಾತುಗಳನ್ನು ತಾರೀಖಿನ ಸಮೇತ ಮೊಮ್ಮಗನ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟು ಒಯ್ದೆವು. ವೈದ್ಯರು ಅದನ್ನು ಎರಡು ಸಲ ಓದಿ, ಮೊದಲು ಕಿವಿಯ ಪರೀಕ್ಷೆಗೆ ಕಳಿಸಿದರು. ಶ್ರವಣಯಂತ್ರ ಬಂದ ಮೇಲೆ ಮಾವ ಕಟ್ಟೆಗೆ ಮರಳಿದರು, ಜಗಳಕ್ಕೂ ಮರಳಿದರು. ಲಾಳಿ ಎಂಬ ಪದ ಮತ್ತೆ ಬಾಯಿಗೆ ಬಂದಿದೆ. ಹಣಗಿ ಇನ್ನೂ ಬಂದಿಲ್ಲ; ನೋಟುಬುಕ್ಕನ್ನು ಮುಂದುವರಿಸಿದ್ದೇವೆ.