ತಾತನ ಹೆಸರು ಬಿಡಿ, ಸರ್ವೆ ನಂಬರು ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ಮುತ್ತಾತ ಯಾರು, ಹೇಗೆ ಬಾಳಿದರು ಎಂದು ತಿಳಿಯಬೇಕೆಂದು ತಾಲ್ಲೂಕು ಕಚೇರಿಗೆ ಹೋದವರು ಮಾಡುವ ಮೊದಲ ತಪ್ಪು ಒಂದೇ. ಕಿಟಕಿಯ ಮುಂದೆ ನಿಂತು, “ನಮ್ಮ ಮುತ್ತಾತ ನಂಜೇಗೌಡರ ದಾಖಲೆ ಬೇಕು” ಅನ್ನುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಆ ಕಚೇರಿಯಲ್ಲಿ ಪುಸ್ತಕಗಳನ್ನು ಜೋಡಿಸಿರುವುದು ಮನುಷ್ಯರ ಹೆಸರಿನ ಮೇಲಲ್ಲ, ಊರು ಮತ್ತು ಸರ್ವೆ ನಂಬರಿನ ಮೇಲೆ. ಹೆಸರು ಬಿಡಿ, ನಂಬರು ಹಿಡಿಯಿರಿ.

ಹೆಸರು ಯಾಕೆ ಕೈಕೊಡುತ್ತದೆ? ಮಂಡ್ಯ ಕಡೆಯ ಒಂದು ಮನೆ ಅಂದುಕೊಳ್ಳಿ. ನಂಜೇಗೌಡ ತನ್ನ ಹಿರಿಮಗನಿಗೆ ತಂದೆಯ ಹೆಸರಿಟ್ಟ: ಮಾದೇಗೌಡ. ಆ ಮಾದೇಗೌಡನೂ ಹಾಗೇ ಮಾಡಿದ: ಅವನ ಮಗ ನಂಜೇಗೌಡ. ಈಗ ಕಾಗದದಲ್ಲಿ ತಾತನೂ “ನಂಜೇಗೌಡ ಬಿನ್ ಮಾದೇಗೌಡ”, ಮೊಮ್ಮಗನೂ “ನಂಜೇಗೌಡ ಬಿನ್ ಮಾದೇಗೌಡ”. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಐವತ್ತು ವರ್ಷದ ಅಂತರ, ಅಕ್ಷರದಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ಜೊತೆಗೆ ಚಿಕ್ಕಪ್ಪನ ಮಗನೂ ನಂಜೇಗೌಡನೇ! ಹೊಲ ಮಾತ್ರ ಇದ್ದಲ್ಲೇ ಇದೆ.

ಹಾಗಾಗಿ ಮನೆಯ ಹಳೇ ಟ್ರಂಕಿನಿಂದ ಶುರುಮಾಡಿ. ಕಂದಾಯದ ರಸೀದಿ ಒಂದು ಸಿಕ್ಕರೂ ಸಾಕು, ಅದರಲ್ಲಿ ಸರ್ವೆ ನಂಬರು ಇರುತ್ತದೆ. ಆ ನಂಬರಿನ ಇವತ್ತಿನ ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಈಗಿನ ಹಿಡುವಳಿದಾರರ ಹೆಸರು, ಹತ್ತನೆಯದರಲ್ಲಿ ಜಮೀನು ಅವರಿಗೆ ಬಂದ ಬಗೆ ಮತ್ತು ಮ್ಯುಟೇಶನ್, ಅಂದರೆ ಹಕ್ಕು ಬದಲಾದ ನಮೂದಿನ ನಂಬರು. ಎಲ್ಲರೂ ಒಂಬತ್ತನ್ನು ನೋಡಿ ಮಡಚಿಡುತ್ತಾರೆ. ನಿಮಗೆ ಬೇಕಾದ್ದು ಹತ್ತು. ಆ ನಂಬರು ಬರೆದು ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಟ್ಟರೆ ಹಿಂದಿನ ತಲೆಮಾರು ಸಿಗುತ್ತದೆ. ಅಲ್ಲಿಂದ ಕೈಬರಹದ ಪಹಣಿ, ಸರ್ವೆ ನಂಬರುಗಳ ಪಟ್ಟಿಯಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಅದಕ್ಕೂ ಹಿಂದೆ ಖೇತವಾರು ಪತ್ರಿಕೆ, ಅಂದರೆ ಹೊಲಹೊಲದ ವಿವರ ಬರೆದ ಹಳೇ ಪುಸ್ತಕ. ನಂಬರು 42/3 ಆಗಿದ್ದರೆ ಹಳೇ ಪುಸ್ತಕದಲ್ಲಿ ಬರೀ 42ನ್ನೂ ನೋಡಿ. ಪಾಲು ಆದಮೇಲೆ ಹಿಸ್ಸಾ, ಅಂದರೆ ಗೆರೆಯ ಆಚೆಯ ಉಪನಂಬರು, ಬಿದ್ದಿರುತ್ತದೆ.

ಪೌತಿ ಖಾತೆ ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದರ ಒಂದು ನಮೂದು ಓದೋಣ. “ನಂಜೇಗೌಡ ಬಿನ್ ಮಾದೇಗೌಡ ಪೌತಿಯಾದ ಪ್ರಯುಕ್ತ, 3 ಎಕರೆ 20 ಗುಂಟೆ, ಮಕ್ಕಳಾದ ಮಾದೇಗೌಡ ಮತ್ತು ಮೈನರ್ ಕೆಂಪೇಗೌಡ, ಗಾರ್ಡಿಯನ್ ತಾಯಿ ಚಿಕ್ಕತಾಯಮ್ಮ.” ಎರಡೇ ಸಾಲು. ಗಂಡ ಸತ್ತಾಗ ಕಿರಿಮಗ ಇನ್ನೂ ಚಿಕ್ಕವನು, ಸಂಸಾರ ಎಳೆದವಳು ಚಿಕ್ಕತಾಯಮ್ಮ. ಹಳೇ ಜಮೀನು ಕಾಗದದಲ್ಲಿ ಮುತ್ತಜ್ಜಿಯರ ಹೆಸರು ಸಿಗುವುದೇ ಅಪರೂಪ. ಸಿಕ್ಕರೆ ಹೀಗೆ, ಮೈನರ್ ಮಗನ ಪಕ್ಕದಲ್ಲಿ. ಒಂದು ಎಚ್ಚರ: ಪೌತಿ ಖಾತೆಯ ತಾರೀಖು ಸಾವಿನ ತಾರೀಖಲ್ಲ. ಸಾಲಕ್ಕೋ ಪಾಲಿಗೋ ಕಾಗದ ಬೇಕಾದಾಗಲೇ ನಮ್ಮವರು ಖಾತೆ ಮಾಡಿಸುವುದು. ಹತ್ತು ವರ್ಷ ತಡವಾಗಿರಬಹುದು.

ಇನ್ನು ಅದೇ 42ರ ಮಣ್ಣಿನ ಬಾಬತ್ತು ನೋಡಿ. ಖೇತವಾರು ಪತ್ರಿಕೆಯಲ್ಲಿ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಆಮೇಲಿನ ಪುಸ್ತಕದಲ್ಲಿ ತರಿ, ಅಂದರೆ ನೀರಾವರಿ ಜಮೀನು; ಆಕಾರವೂ, ಅಂದರೆ ಕಂದಾಯವೂ ಏರಿದೆ. ನಡುವೆ ಏನಾಯಿತು? ಕನ್ನಂಬಾಡಿ ಕಟ್ಟೆಯಾಯಿತು, 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಬಂತು. ಇವತ್ತು ಅದನ್ನು ವಿಶ್ವೇಶ್ವರಯ್ಯ ನಾಲೆ ಅನ್ನುತ್ತೇವೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ರಾಗಿ ಬೆಳೆಯುತ್ತಿದ್ದ ಮನೆ ಯಾವಾಗ ಭತ್ತ, ಕಬ್ಬಿಗೆ ತಿರುಗಿತು ಎಂದು ಹೇಳುವುದು ಆ ಎರಡಕ್ಷರ: ತರಿ. ಹೆಸರು ಹಿಡಿದು ಹೋದವರಿಗೆ ಇದು ಜನ್ಮಕ್ಕೂ ಕಾಣುವುದಿಲ್ಲ. ಹಾಂ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಮೈಸೂರು ಜಿಲ್ಲೆ ಎಂದಿರುತ್ತದೆ, ಗಾಬರಿಯಾಗಬೇಡಿ.

ಮಂಡ್ಯದಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಸ್ವಂತ ಜಮೀನಿಲ್ಲದೆ ಗೇಣಿ ಮಾಡುತ್ತಿದ್ದ ಮನೆಯಾದರೆ, 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಜಮೀನಿನ ಹಕ್ಕು ಕೋರಿ ಕೊಟ್ಟ ನಮೂನೆ 7ರ ಅರ್ಜಿ ಕೇಳಿ. ಭೂ ನ್ಯಾಯಮಂಡಳಿಯ ಆ ಕಡತಕ್ಕೂ ಸರ್ವೆ ನಂಬರೇ ಬೇಕು. ಜಮೀನೇ ಇಲ್ಲದವರಿಗೆ ಶಾಲೆಯ ದಾಖಲಾತಿ ರಿಜಿಸ್ಟರು. ಅಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ, ಅದು ಮೇಷ್ಟ್ರು ಲೆಕ್ಕ ಹಾಕಿ ಇಟ್ಟ ಜನ್ಮದಿನ. ಜನಗಣತಿಯ ಮನೆಮನೆ ಹಾಳೆ ಹುಡುಕುತ್ತ ದಿನ ಕಳೆಯಬೇಡಿ. ಸಿಗುವುದು ಊರಿನ, ತಾಲ್ಲೂಕಿನ ಅಂಕಿಸಂಖ್ಯೆ, ಮನೆಯವರ ಹೆಸರಲ್ಲ.

ಧಾರವಾಡ, ಬೆಳಗಾವಿ ಕಡೆಯವರಿಗೆ ಹಳೇ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದ ಲಿಪಿಯಲ್ಲಿ ಎದುರಾದೀತು, ಓದುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಿಮ್ಮೂರಿಗೆ ಹೆಳವರು ಬರುತ್ತಿದ್ದರೆ ಅವರು ಹೇಳುವ ವಂಶಾವಳಿಯನ್ನು ಪೂರ್ತಿ ಬರೆದುಕೊಳ್ಳಿ, ಆಮೇಲೆ ಪೌತಿ ಖಾತೆಯ ಜೊತೆ ತಾಳೆ ನೋಡಿ. ಕಲಬುರಗಿ, ಬೀದರ್ ಕಡೆ ಹಳೇ ಕಾಗದ ಉರ್ದುವಿನಲ್ಲಿ, ಇಸವಿಯ ಬದಲು ಕಂದಾಯ ಲೆಕ್ಕದ ಫಸಲಿ ವರ್ಷ: ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಮನೆಯ ಹಿರಿಯರು ಧಾತು ಈಶ್ವರ ಬರ ಅಂದರೆ ಅದು ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78.

ನಾಳೆ ಅರ್ಜಿ ಬರೆಯುವಾಗ ಮೊದಲ ಸಾಲಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ. ಎರಡನೇ ಸಾಲಲ್ಲಿ ಸರ್ವೆ ನಂಬರು, ಹಿಸ್ಸಾ ಸಹಿತ. ಮುತ್ತಾತನ ಹೆಸರು ಮೂರನೇ ಸಾಲಿಗಿರಲಿ. ನಮಸ್ಕಾರ.